ದಂಡ ಬೀಳದ ಡ್ರೈವರ್

ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿಯೂ ಒಂದು ಸಲವೂ ದಂಡ ಬೀಳದ ಡ್ರೈವರ್ ನಮ್ಮ ಡಿಪೋದಲ್ಲಿ ನಾನೊಬ್ಬನೇ. ಈ ಮಾತನ್ನು ಕೇಳಿದವರಿಗೆಲ್ಲ ಹೇಳುತ್ತಿದ್ದೆ. ಕೇಳದವರಿಗೆ ಇನ್ನೂ ಮೊದಲೇ ಹೇಳುತ್ತಿದ್ದೆ. ಮೇಲಿನ ಮನೆಯ ದರ್ಜಿ ಮೆಟ್ಟಿಲ ಹತ್ತಿರ ಸಿಕ್ಕಿ, "ಏನ್ ಸಾರ್, ಡ್ಯೂಟಿಗಾ?" ಎಂದು ಸುಮ್ಮನೆ ಬಾಯಿಮಾತಿಗೆ ಕೇಳಿದರೆ, "ಹೂಂ, ದಂಡವಿಲ್ಲದೆ ಎಂಟು ಸಾವಿರದ ನಲವತ್ತನೇ ದಿನ" ಎನ್ನುತ್ತಿದ್ದೆ. ಬರಬರುತ್ತಾ ಆತ ನನ್ನ ಚಪ್ಪಲಿ ಸದ್ದು ಕೇಳಿದರೆ ಬಾಗಿಲು ಹಾಕಿಕೊಳ್ಳತೊಡಗಿದ. ನನ್ನ ಮೇಲಿನ ಗೌರವ ಎಂದುಕೊಂಡೆ.

ಡಿಪೋದಲ್ಲಿ ನನ್ನನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಯಾವ ಡ್ರೈವರ್‌ಗೆ ದಂಡ ಬಿದ್ದರೂ ಮ್ಯಾನೇಜರ್ ಅವನನ್ನು ತಂದು ನನ್ನ ಮುಂದೆ ಕೂರಿಸುತ್ತಿದ್ದರು. ದಂಡವನ್ನು ಸಂಬಳದಲ್ಲಿ ಮುರಿದುಕೊಳ್ಳುವುದು ಸರ್ಕಾರದ ಶಿಕ್ಷೆ. ನನ್ನ ಒಂದು ಗಂಟೆಯ ಉಪದೇಶ ಡಿಪೋದ ಶಿಕ್ಷೆ. "ಬೇಕಾದ್ರೆ ಎರಡರಷ್ಟು ಮುರ್ಕೊಳ್ಳಿ ಸಾರ್, ಮೇಷ್ಟ್ರ ಹತ್ರ ಮಾತ್ರ ಕಳಿಸ್ಬೇಡಿ" ಎಂದು ಅತ್ತವರಿದ್ದಾರೆ. ಅದು ಪಶ್ಚಾತ್ತಾಪದ ಕಣ್ಣೀರು ಎಂದು ನಾನು ನಂಬಿದ್ದೆ.

ನನ್ನ ಮುಂದೆ ಅತಿ ಹೆಚ್ಚು ಸಲ ಕೂತವನು ಬಿರುಗಾಳಿ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಒಳ್ಳೆಯ ಕೈ, ಒಳ್ಳೆಯ ಮನಸ್ಸು, ಬಲಗಾಲು ಮಾತ್ರ ಸ್ವಲ್ಪ ಭಾರ. ಆ ವರ್ಷ ಆಗಲೇ ಎರಡು ದಂಡ ತಿಂದಿದ್ದ. ಮೂರನೆಯದು ಬಿದ್ದರೆ ಆರು ತಿಂಗಳು ಸ್ಟೇರಿಂಗ್ ಮುಟ್ಟುವಂತಿಲ್ಲ, ಬಸ್ಸು ತೊಳೆಯುವ ಅಂಗಳದಲ್ಲಿ ಪೈಪು ಹಿಡಿಯಬೇಕು ಎಂಬುದು ನಿಯಮ. ರಜೆಯ ದಿನವೂ ಡಿಪೋಗೆ ಬಂದು ಇಂಜಿನ್ನಿನ ಸದ್ದು ಕೇಳಿ ಹೋಗುವ ಆಸಾಮಿಗೆ ಆರು ತಿಂಗಳು ಪೈಪು ಎಂದರೆ ಏನೆಂದು ನೀವೇ ಲೆಕ್ಕ ಹಾಕಿ.

ಹೀಗಿರುವಾಗ ಮೇಲಿನ ಕಚೇರಿಯವರಿಗೆ ದಂಡವಿಲ್ಲದ ಡ್ರೈವರನ್ನು ಸನ್ಮಾನಿಸುವ ಯೋಚನೆ ಬಂತು. ಒಂದು ಸಮಾರಂಭ, ಒಂದು ಬೆಳ್ಳಿ ಬಣ್ಣದ ಪದಕ, ಜೊತೆಗೆ ಬಸ್ಸಿನ ಹಿಂಭಾಗದಲ್ಲಿ ಆಳೆತ್ತರದ ನನ್ನ ಫೋಟೋ. ಫೋಟೋ ತೆಗೆಯುವವನು ಮಂಗಳವಾರ ನಾಲ್ಕು ಗಂಟೆಗೆ ಡಿಪೋಗೆ ಬರುತ್ತಾನೆಂದು ತಿಳಿಯಿತು. ಸೋಮವಾರವೇ ಎರಡು ಸಲ ಗಡ್ಡ ಕೆರೆದುಕೊಂಡೆ.

ಮಂಗಳವಾರ ಬೆಳಿಗ್ಗೆ ಬಿರುಗಾಳಿ ನನ್ನನ್ನು ಟೈರುಗಳ ರಾಶಿಯ ಹಿಂದಕ್ಕೆ ಕರೆದೊಯ್ದ.

"ಮೇಷ್ಟ್ರೇ, ಮಧ್ಯಾಹ್ನ ಅಮ್ಮನ ಕಣ್ಣಿನ ಆಪರೇಷನ್. ಪಕ್ಕದಲ್ಲಿ ನಾನೊಬ್ಬನೇ ಇರೋದು. ರಜೆ ಕೇಳಿದ್ರೆ ಮ್ಯಾನೇಜರ್ ಕೊಡಲ್ಲ. ವರ್ಕ್‌ಶಾಪಿಂದ ರಿಪೇರಿ ಆದ ಬಸ್ ತರೋ ಡ್ಯೂಟಿ ನಂದು. ನೀವು ತಂದುಬಿಡ್ತೀರಾ? ನಿಮ್ಮ ಯಾವ ಡ್ಯೂಟಿ ಹೇಳಿದ್ರೂ ನಾನು ಮಾಡ್ತೀನಿ."

ಬರೆದು ಕೊಡದೆ ಹೀಗೆ ಡ್ಯೂಟಿ ಬದಲಾಯಿಸಿಕೊಳ್ಳುವುದು ತಪ್ಪು. ಹಾಗೆಂದು ಮಾಡದವರು ಯಾರೂ ಇಲ್ಲ. ರಿಜಿಸ್ಟರಿನಲ್ಲಿ ಒಬ್ಬನ ಹೆಸರಿರುತ್ತದೆ, ಸೀಟಿನಲ್ಲಿ ಇನ್ನೊಬ್ಬ ಕೂತಿರುತ್ತಾನೆ. ಗೇಟಿನವನೂ ಬಸ್ಸಿನ ನಂಬರು ಬರೆದುಕೊಳ್ಳುತ್ತಾನೆಯೇ ಹೊರತು ಮುಖ ನೋಡುವುದಿಲ್ಲ. ನಾಲ್ಕು ಗಂಟೆಗೆ ಡಿಪೋದಲ್ಲಿರಲು ನನಗೂ ಅನುಕೂಲವೇ ಆಯಿತೆಂದು ಒಪ್ಪಿದೆ. "ದೊಡ್ಡ ಉಪಕಾರ ಆಯ್ತು" ಎಂದ. ನಾನೂ ಹೌದೆಂದೇ ಭಾವಿಸಿದೆ.

ಖಾಲಿ ಬಸ್ಸು. ಕಂಡಕ್ಟರಿಲ್ಲ, ಪ್ರಯಾಣಿಕರಿಲ್ಲ. ತಲೆಯ ಮೇಲೆ ದೊಡ್ಡ ಕನ್ನಡಿ. ಹಿಂದಿನ ಸೀಟಿನವರನ್ನು ನೋಡಲು ಇಪ್ಪತ್ತೆರಡು ವರ್ಷ ಬಳಸಿದ ಕನ್ನಡಿಯಲ್ಲಿ ಆವತ್ತು ನನ್ನನ್ನೇ ನೋಡಿಕೊಂಡೆ. ಫೋಟೋಗೆ ಯಾವ ನಗು ಹೊಂದುತ್ತದೆ? ಹಲ್ಲೆಲ್ಲ ಕಾಣಿಸಿದರೆ ಶಿಸ್ತು ಹೋಗುತ್ತದೆ. ಒಂದೂ ಕಾಣಿಸದಿದ್ದರೆ ಹಲ್ಲುನೋವಿನವನ ಹಾಗೆ ಕಾಣುತ್ತೇನೆ. ಕೊನೆಗೆ ಮೇಲಿನ ನಾಲ್ಕು ಹಲ್ಲು ಮಾತ್ರ ಕಾಣುವ ಒಂದು ನಗು ಸರಿಯಾಗಿ ಕೂತಿತು. ಅದೇ ಗಳಿಗೆಯಲ್ಲಿ ಎಡದಿಂದಲೂ ಬಲದಿಂದಲೂ ಹಾರ್ನುಗಳು ಹುಯಿಲೆಬ್ಬಿಸಿದವು. ಕಣ್ಣು ರಸ್ತೆಗೆ ಬಂದಾಗ ನಾನು ದೊಡ್ಡ ಸರ್ಕಲ್ಲಿನ ನಟ್ಟನಡುವೆ ಇದ್ದೆ. ಕೆಂಪು ದೀಪ ಹಿಂದೆ ಉಳಿದಿತ್ತು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಒಬ್ಬ ಸ್ಕೂಟರಿನವನು ಮಾತ್ರ ನನ್ನ ಹಿರಿಯರನ್ನೆಲ್ಲ ಹೆಸರು ಹಿಡಿಯದೆ ನೆನೆದ.

ಡಿಪೋಗೆ ಬಂದು, ಬೆವರು ಒರೆಸಿಕೊಂಡು, ಅದೇ ನಾಲ್ಕು ಹಲ್ಲಿನ ನಗು ನಕ್ಕು ಫೋಟೋ ತೆಗೆಸಿಕೊಂಡೆ.

ಹನ್ನೊಂದು ದಿನಕ್ಕೆ ನೋಟಿಸ್ ಬಂತು. ಪಾಳಿ ಬದಲಾಗುವ ಹೊತ್ತಿಗೆ ಮ್ಯಾನೇಜರ್ ಎಲ್ಲರನ್ನೂ ಡ್ರೈವರುಗಳ ಕೋಣೆಗೆ ಕರೆಸಿ ಗಟ್ಟಿಯಾಗಿ ಓದಿದರು: "ಮಂಗಳವಾರ, ಮೂರು ಗಂಟೆ ನಲವತ್ತು ನಿಮಿಷ. ದೊಡ್ಡ ಸರ್ಕಲ್. ಕೆಂಪು ದೀಪ ದಾಟಿದ್ದು." ಜೊತೆಗೆ ಕ್ಯಾಮೆರಾ ತೆಗೆದ ಚಿತ್ರ. ಅದರಲ್ಲಿ ಬಸ್ಸಿನ ಬೆನ್ನು, ನಂಬರು, ಮೇಲೆ ಕೆಂಪು ದೀಪ. ಡ್ರೈವರ್ ಕಾಣುವುದಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನಾನು ಬಾಯಿ ಮುಟ್ಟಿ ನೋಡಿಕೊಂಡೆ.

ಮ್ಯಾನೇಜರ್ ರಿಜಿಸ್ಟರ್ ತೆರೆದರು. ಬೆರಳು ಸಾಲಿನ ಮೇಲೆ ಇಳಿಯುತ್ತಾ ಇಳಿಯುತ್ತಾ ಹೋಗಿ ನಿಂತಿತು.

"ಬಿರುಗಾಳೀ!"

ಎಲ್ಲರೂ "ಆಹ್" ಎಂದರು. ಯಾರಿಗೂ ಆಶ್ಚರ್ಯವಾಗಿರಲಿಲ್ಲ. ಬಿರುಗಾಳಿ ಎದ್ದು ನಿಂತ. ಬಾಯಿ ತೆರೆದ. ನನ್ನ ಕಡೆ ನೋಡಿದ. ನಾನು ಗೋಡೆ ಗಡಿಯಾರ ನೋಡಿದೆ. ಅದು ಕೆಟ್ಟು ಎರಡು ವರ್ಷವಾಗಿತ್ತು. ಆದರೂ ಬಹಳ ಆಸಕ್ತಿಯಿಂದ ನೋಡಿದೆ.

"ಆವತ್ತು..." ಎಂದ ಅವನು.

"ಆವತ್ತು ಏನು? ಬಸ್ ತಾನಾಗೇ ಹೋಯ್ತಾ?" ಎಂದರು ಮ್ಯಾನೇಜರ್. ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ.

ಬಿರುಗಾಳಿ ಇನ್ನೂ ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. ಆಮೇಲೆ, "ಹೂಂ ಸಾರ್. ನಾನೇ ದಾಟಿರ್ತೀನಿ ಬಿಡಿ" ಎಂದು ಕೂತುಬಿಟ್ಟ.

ಪಾಪ, ಮರೆತಿದ್ದಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಆಪರೇಷನ್ನಿನ ಗಡಿಬಿಡಿ. ಮೇಲಾಗಿ ಅವನು ದಾಟಿದ ಕೆಂಪು ದೀಪಗಳಲ್ಲಿ ಒಂದು ಹೆಚ್ಚು, ಒಂದು ಕಡಿಮೆ, ಯಾರಿಗೆ ಗೊತ್ತಾಗುತ್ತದೆ? ಈಗ ಎಲ್ಲರೆದುರು ಬೇಡ, ನಾಳೆ ಮ್ಯಾನೇಜರ್ ಒಬ್ಬರೇ ಇದ್ದಾಗ ಹೇಳಿದರಾಯಿತು ಎಂದುಕೊಂಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದರು. ಎತ್ತು ಬಾಯಿ ಮುಚ್ಚಿಕೊಂಡು ಮನೆಗೆ ಹೋಯಿತು.

ಮರುದಿನ ಮ್ಯಾನೇಜರ್ ಒಬ್ಬರೇ ಇದ್ದರು. ನಾನು ಒಳಗೆ ಹೋಗಿ ಬಾಯಿ ತೆರೆಯುವಷ್ಟರಲ್ಲಿ, "ಬಂದ್ರಾ, ಬನ್ನಿ. ಬಿರುಗಾಳಿ ಕಾಯ್ತಾ ಇದಾನೆ. ಈ ಸಲ ಒಂದು ಗಂಟೆ ಸಾಲದು, ಎರಡು ತಗೊಳ್ಳಿ" ಎಂದರು.

ಎರಡು ಗಂಟೆ! ಬಿರುಗಾಳಿ ಮುಂದಿನ ಬೆಂಚಿನಲ್ಲಿ ನೋಟುಪುಸ್ತಕ ಬಿಚ್ಚಿ ಕೂತಿದ್ದ. ಹಿಂದೆ ಮ್ಯಾನೇಜರೂ ಕುರ್ಚಿ ಹಾಕಿಕೊಂಡರು. ನನ್ನ ವಿಷಯ ಎಂದಿನದೇ, 'ಕೆಂಪು ದೀಪ ಮತ್ತು ಮನಸ್ಸಾಕ್ಷಿ'. ನಾನೇ ಹದಿನೈದು ವರ್ಷದಿಂದ ಹೇಳಿಕೊಂಡು ಬಂದ ಮಾತುಗಳು ಆವತ್ತು ಒಂದೊಂದೂ ನನ್ನ ಕಡೆಗೇ ತಿರುಗಿ ನಿಂತವು.

"ಕ್ಯಾಮೆರಾ ನೋಡುತ್ತೆ ಅಂತ ನಿಲ್ಲೋನು ಡ್ರೈವರಲ್ಲ" ಎಂದೆ. ಬಿರುಗಾಳಿ ಬರೆದುಕೊಂಡ.

"ತಪ್ಪು ಮಾಡಿದ್ರೆ... ತಕ್ಷಣ ಒಪ್ಕೋಬೇಕು" ಎಂದೆ. ಬರೆದುಕೊಂಡು ಕೆಳಗೆ ಗೆರೆ ಎಳೆದ.

"ಒಂದು ಅನುಮಾನ ಮೇಷ್ಟ್ರೇ" ಎಂದು ಕೈಯೆತ್ತಿದ. "ದೀಪ ಅಷ್ಟು ದೊಡ್ಡದಾಗಿ ಉರೀತಿರುತ್ತೆ. ಕಣ್ಣಿದ್ದೋನು ಅದನ್ನ ಹೇಗೆ ದಾಟ್ತಾನೆ?"

"ಗಮನ ಬೇರೆ ಕಡೆ ಇರುತ್ತೆ."

"ಎಲ್ಲಿರುತ್ತೆ?"

"ಕನ್ನಡೀಲಿ" ಎಂದುಬಿಟ್ಟೆ.

ಮ್ಯಾನೇಜರ್ ತೊಡೆ ತಟ್ಟಿಕೊಂಡರು. "ಆಹಾ! ಅನುಭವ ಅಂದ್ರೆ ಇದು! ಡ್ರೈವರ್ ತನ್ನನ್ನ ತಾನೇ ನೋಡ್ಕೊಂಡ್ರೆ ಕೆಟ್ಟ ಅಂತ. ಎಂಥಾ ಮಾತು! ಬರ್ಕೊಳೋ ಬಿರುಗಾಳಿ!" ಅವನು ಬರೆದುಕೊಂಡ. ನನ್ನ ಕಿವಿ ಕಾದ ಹಂಚಿನಂತಾಗಿದ್ದವು.

ಮನೆಯಲ್ಲಿ ಹೇಳಿ ಹಗುರಾಗೋಣವೆಂದು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ನನ್ನ ಹೆಂಡತಿ ಸಮಾರಂಭಕ್ಕೆ ಉಡುವ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು.

"ಲೇ, ಆ ಕೆಂಪು ದೀಪ ದಾಟಿದ್ದು ನಾನೇ ಕಣೇ."

ಅವಳು ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದುಕೊಂಡೇ ನಕ್ಕಳು. "ನೀವಾ? ಬಚ್ಚಲಮನೆ ಬಾಗಿಲು ಹಾಕಿದ್ರೆ ನಾಲ್ಕು ಮಾರು ದೂರ ನಿಲ್ಲೋರು ನೀವು! ಮದುವೆ ದಿನ ನಮ್ಮಪ್ಪ 'ಬನ್ನಿ' ಅನ್ನೋವರೆಗೂ ಹೊಸ್ತಿಲು ದಾಟಲಿಲ್ಲ. ಸುಮ್ನಿರಿ ಸಾಕು, ಸೀರೆ ಸುಡುತ್ತೆ."

"ನಿಜ ಕಣೇ."

"ರೀ, ಆ ಬಿರುಗಾಳಿ ಮೇಲೆ ನಿಮಗೆ ಕನಿಕರ. ಅಂಥೋರ ಕೈಗೆ ಬಸ್ ಕೊಡೋದೇ ತಪ್ಪು. ಪೈಪ್ ಹಿಡೀಲಿ, ಬುದ್ಧಿ ಬರುತ್ತೆ."

ಆಕೆಯ ಮುಖದಲ್ಲಿದ್ದ ಹೆಮ್ಮೆ ನೋಡಿ ಬಾಗಿಲಿನಿಂದ ಹಿಂದೆ ಸರಿದೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ದಿನ ಕಳೆದವು. ಬಿರುಗಾಳಿ ತೊಳೆಯುವ ಅಂಗಳಕ್ಕೆ ಹೋದ. ಮೊಣಕಾಲಿನವರೆಗೆ ಪ್ಯಾಂಟು ಮಡಚಿ, ರಬ್ಬರ್ ಬೂಟು ಹಾಕಿ, ದಿನಕ್ಕೆ ಹತ್ತು ಬಸ್ಸು ತೊಳೆಯುತ್ತಿದ್ದ. ಪ್ರತಿ ಬಸ್ಸು ಹೊರಡುವಾಗಲೂ ಪೈಪು ಕೆಳಗಿಟ್ಟು ನಿಂತು ನೋಡುತ್ತಿದ್ದ. ನಾನು ಅಂಗಳ ತಪ್ಪಿಸಿ ಹಿಂದಿನ ಗೇಟಿನಿಂದ ಬರತೊಡಗಿದೆ. ಅಲ್ಲಿ ಒಂದು ನಾಯಿ ಇತ್ತು. ಕಚ್ಚಿದರೆ ಕಚ್ಚಲಿ ಎಂದು ಬರುತ್ತಿದ್ದೆ.

ಸಮಾರಂಭದ ದಿನ ಬಂತು. ಡಿಪೋದ ನಡುವೆ ವೇದಿಕೆ, ಮುನ್ನೂರು ಕುರ್ಚಿ, ಪಕ್ಕದಲ್ಲಿ ಬಟ್ಟೆ ಮುಚ್ಚಿದ ಒಂದು ಬಸ್ಸು. ಮೇಲಧಿಕಾರಿ ಬಟ್ಟೆ ಎಳೆದರು. ಆಳೆತ್ತರ ಎಂದವರು ಎರಡಾಳೆತ್ತರ ಮಾಡಿದ್ದರು. ಒಂದೊಂದು ಹಲ್ಲೂ ಸಾಬೂನಿನ ಬಿಲ್ಲೆಯಷ್ಟಿತ್ತು. ಕೆಳಗೆ, 'ಇವರು ಎಂದೂ ಕೆಂಪು ದೀಪ ದಾಟಿಲ್ಲ.' ಆ ನಗುವನ್ನು ನಾನು ಕೊನೆಯ ಸಲ ಎಲ್ಲಿ ನೋಡಿದ್ದೆನೆಂದು ನನಗೊಬ್ಬನಿಗೇ ಗೊತ್ತು. ಚಪ್ಪಾಳೆ ಎದ್ದಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಡಿಪೋದ ನೆಲ ಗಟ್ಟಿ ಕಾಂಕ್ರೀಟು.

ಪದಕ ಕೊರಳಿಗೆ ಬಿದ್ದಾಗ ತಡೆಯಲಾಗಲಿಲ್ಲ. ಮೈಕು ಕಿತ್ತುಕೊಂಡೆ.

"ಈ ಪದಕ ನನ್ನದಲ್ಲ! ಆ ಮಂಗಳವಾರ ಕೆಂಪು ದೀಪ ದಾಟಿದ್ದು ನಾನು! ನಾವಿಬ್ರೂ ಡ್ಯೂಟಿ ಬದಲಾಯಿಸ್ಕೊಂಡಿದ್ವಿ! ಬಿರುಗಾಳಿ ತಪ್ಪಿಲ್ಲ!"

ಅಬ್ಬಾ, ಮುಗಿಯಿತು ಎಂದುಕೊಂಡೆ. ಆಗ ಮ್ಯಾನೇಜರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮೈಕಿನ ಹತ್ತಿರ ಬಂದರು.

"ನೋಡಿದ್ರಾ? ನೋಡಿದ್ರಾ ಇವರ ದೊಡ್ಡತನ? ಜೊತೆಗಾರ ಪೈಪ್ ಹಿಡಿದಿದ್ದು ನೋಡಲಾರದೆ, ಇಪ್ಪತ್ತೆರಡು ವರ್ಷದ ಹೆಸರನ್ನ ಎಲ್ಲರ ಮುಂದೆ ಒದ್ದು ಎಸೀತಾ ಇದಾರೆ! ಇಂಥಾ ಮನುಷ್ಯ ಎಲ್ಲಾದ್ರೂ ಉಂಟಾ?"

ಮುನ್ನೂರು ಜನ ಎದ್ದು ನಿಂತರು. ಮೇಲಧಿಕಾರಿ ನನ್ನನ್ನು ತಬ್ಬಿಕೊಂಡರು. "ನಾನೇ ಸಾರ್, ನನ್ನಾಣೆ ನಾನೇ" ಎಂದು ಅವರ ಹೆಗಲಿನೊಳಗೆ ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಒಂದು ಬಸ್ಸಿಗೆ ಇದ್ದ ನನ್ನ ಚಿತ್ರವನ್ನು ನಲವತ್ತು ಬಸ್ಸಿಗೂ ಅಂಟಿಸಬೇಕೆಂದು ಅಲ್ಲೇ ಆಜ್ಞೆಯಾಯಿತು. ಮುಂದಿನ ಸಾಲಿನಲ್ಲಿ ನನ್ನ ಹೆಂಡತಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಮನೆಗೆ ಬಂದರೆ ದರ್ಜಿ ಬಾಗಿಲು ತೆರೆದುಕೊಂಡು ಕಾಯುತ್ತಿದ್ದ. "ಸಾರ್, ನಾನು ನಿಮ್ಮನ್ನ ಬರೀ ಕೊರೆಯೋ ಮನುಷ್ಯ ಅಂದ್ಕೊಂಡಿದ್ದೆ. ಕ್ಷಮಿಸ್ಬೇಕು" ಎಂದು ಕೈ ಹಿಡಿದುಕೊಂಡ. ಹದಿನೈದು ವರ್ಷಕ್ಕೆ ಮೊದಲ ಸಲ ಅವನ ಬಾಯಲ್ಲಿ ನಿಜ ಬಂದಿತ್ತು, ಅದಕ್ಕೂ ಕ್ಷಮೆ ಕೇಳುತ್ತಿದ್ದ.

ಮರುದಿನ ಮ್ಯಾನೇಜರ್ ಮೇಜಿನ ಮುಂದೆ ನಿಂತೆ. "ಸಾರ್, ಅದು ತ್ಯಾಗ ಅಲ್ಲ. ನಿಜ."

"ಮೇಷ್ಟ್ರೇ, ಒಳ್ಳೆತನಕ್ಕೂ ಒಂದು ಮಿತಿ ಬೇಕು" ಎಂದು ಅವರು ಮೊದಲ ಬಾರಿಗೆ ನನ್ನ ಮೇಲೆ ರೇಗಿದರು. "ರಿಜಿಸ್ಟರ್ ಸುಳ್ಳು ಹೇಳುತ್ತಾ? ನೀವು ದಾಟಿದ್ರಿ ಅನ್ನೋಕೆ ದಾಖಲೆ ಇದೆಯಾ? ತನ್ನಿ, ಆಮೇಲೆ ಮಾತಾಡೋಣ."

ತಪ್ಪು ಮಾಡುವುದಕ್ಕೆ ಎರಡು ನಿಮಿಷ ಹಿಡಿದಿತ್ತು. ಅದನ್ನು ನನ್ನದೆಂದು ಸಾಬೀತು ಮಾಡುವುದಕ್ಕೆ ದಾಖಲೆ ಬೇಕಂತೆ! ಬೇರೆ ದಾರಿ ಕಾಣದೆ, ಇಷ್ಟು ದಿನ ತಪ್ಪಿಸಿಕೊಂಡು ಓಡಾಡಿದ ಅಂಗಳಕ್ಕೆ ನಡೆದೆ.

ಬಿರುಗಾಳಿ ನನ್ನ ಚಿತ್ರವಿದ್ದ ಬಸ್ಸನ್ನೇ ತೊಳೆಯುತ್ತಿದ್ದ. ಹಲ್ಲುಗಳ ಮೇಲೆ ಕೂತಿದ್ದ ಕೆಸರನ್ನು ಬ್ರಷ್ಷಿನಿಂದ ಜೋಪಾನವಾಗಿ ಉಜ್ಜುತ್ತಿದ್ದ.

"ನಿನಗೆ ನೆನಪಿದೆಯೇನೋ? ಆ ಮಂಗಳವಾರ ಬಸ್ ತಂದಿದ್ದು ನಾನು" ಎಂದೆ.

ಅವನು ಪೈಪು ನಿಲ್ಲಿಸಿದ. "ಅಮ್ಮನ್ನ ಆಪರೇಷನ್‌ಗೆ ಒಳಗೆ ಕರ್ಕೊಂಡು ಹೋದ ದಿನ ಮೇಷ್ಟ್ರೇ. ಮರೆಯೋಕಾಗುತ್ತಾ?"

"ಮತ್ತೆ ಆವತ್ತು ಯಾಕೋ ಹೇಳಲಿಲ್ಲ?"

"ಹೇಳೋಣ ಅಂತಲೇ ಬಾಯಿ ತೆಗೆದೆ. ನಿಮ್ಮ ಮುಖ ನೋಡಿದೆ. ನೀವು ಗಡಿಯಾರ ನೋಡಿದ್ರಿ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ನಾನು ಹೇಳಿದ್ರೆ ಯಾರು ನಂಬ್ತಿದ್ರು? ನೀವೇ ಒಪ್ಕೊಂಡ್ರೂ ನಂಬಲಿಲ್ಲ. ನಾನು ಹೇಳಿದ್ರೆ, ತಪ್ಪು ಮಾಡಿದ್ದಲ್ಲದೆ ಮೇಷ್ಟ್ರ ಮೇಲೆ ಹಾಕ್ತಾನೆ ಅಂತ ಉಗೀತಿದ್ರು."

ನಾನು ಒದ್ದೆ ನೆಲದ ಮೇಲೆ ಕಣ್ಣು ನೆಟ್ಟು ನಿಂತೆ. ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ.

"ಆಸ್ಪತ್ರೆಯಲ್ಲಿ ಏನಾದ್ರೂ ಕೊಟ್ಟಿದ್ರಾ? ದಾಖಲೆ?"

"ಆಪರೇಷನ್‌ಗೆ ಮೊದಲು ನನ್ನ ಸಹಿ ಹಾಕಿಸ್ಕೊಂಡ್ರು. ಅದರಲ್ಲಿ ತಾರೀಖು, ಗಂಟೆ ಎಲ್ಲ ಇದೆ. ಮೂರೂವರೆ. ಆಸ್ಪತ್ರೆ ಊರಿನ ಆ ತುದೀಲಿದೆ. ಚೀಟಿ ಅಮ್ಮನ ಹತ್ರ ಇದೆ."

"ತಂದುಕೊಡ್ತೀಯಾ?"

ಬಿರುಗಾಳಿ ಮತ್ತೆ ಬ್ರಷ್ಷು ಎತ್ತಿಕೊಂಡ. "ನಾನ್ಯಾಕೆ ತರ್ಲಿ ಮೇಷ್ಟ್ರೇ? ಬೇಕಾದೋರು ನೀವು. ನೀವೇ ಹೋಗಿ ಕೇಳಿ."

ಮುಂದಿನದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಚೀಟಿ ಸಿಕ್ಕಿತು. ಮ್ಯಾನೇಜರ್ ಅದನ್ನು ಮೂರು ಸಲ ಓದಿ, ನನ್ನನ್ನು ನಾಲ್ಕು ಸಲ ನೋಡಿ, "ನಲವತ್ತು ಬಸ್ಸು ಮೇಷ್ಟ್ರೇ! ಅಂಟಿಸಿ ಆಗೋಯ್ತಲ್ರೀ!" ಎಂದು ತಲೆ ಹಿಡಿದುಕೊಂಡರು. ದಂಡ ನನ್ನ ಹೆಸರಿಗೆ ಬಂತು. ಬರೆದು ಕೊಡದೆ ಡ್ಯೂಟಿ ಬದಲಾಯಿಸಿದ್ದಕ್ಕೆ ಒಂದು ತಿಂಗಳು ಅಂಗಳವೂ ಬಂತು, ನಲವತ್ತು ಬಸ್ಸಿನಿಂದ ನನ್ನನ್ನು ಕೆರೆದು ತೆಗೆಯುವ ಕೆಲಸವೂ ಬಂತು. ಬಿರುಗಾಳಿಗೆ ಅದೇ ತಪ್ಪಿಗೆ ಎರಡು ದಿನದ ರಜೆ ಕಡಿತ, ಅಷ್ಟೇ. ಉಪದೇಶ ಮಾಡಲು ದಂಡವಿಲ್ಲದ ಡ್ರೈವರ್ ಡಿಪೋದಲ್ಲಿ ಯಾರೂ ಉಳಿದಿರಲಿಲ್ಲವಾದ್ದರಿಂದ ಆ ಶಿಕ್ಷೆಯೊಂದು ತಪ್ಪಿತು. ಹೆಂಡತಿ ಮೂರು ದಿನ ಮಾತಾಡಲಿಲ್ಲ. ದರ್ಜಿ ಮತ್ತೆ ಬಾಗಿಲು ಹಾಕಿಕೊಂಡ.

ಇವೆಲ್ಲ ಸಹಿಸಬಹುದಾದ ಶಿಕ್ಷೆಗಳು. ಚೀಟಿ ಕೇಳಲು ಹೋದ ಸಂಜೆಯದ್ದು ಬೇರೆ.

ಬಿರುಗಾಳಿಯ ಮನೆ ಪಂಕ್ಚರ್ ಅಂಗಡಿಯ ಪಕ್ಕದ ಒಂದು ಕೋಣೆ. ಬಾಗಿಲು ತಟ್ಟಿದೆ. ಕಪ್ಪು ಕನ್ನಡಕ ಹಾಕಿದ ಮುದುಕಿಯೊಬ್ಬರು ಗೋಡೆ ಹಿಡಿದುಕೊಂಡು ಬಂದು ತೆರೆದರು.

"ಯಾರು?"

"ಡಿಪೋದವನು ಅಮ್ಮಾ. ನಿಮ್ಮ ಆಪರೇಷನ್ ಚೀಟಿ ಬೇಕಿತ್ತು."

"ಯಾಕಪ್ಪಾ?"

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಹೊಸ್ತಿಲಲ್ಲಿ ಉದುರಿಹೋಯಿತು. "ಆವತ್ತು ಬಸ್ ಓಡಿಸಿದ್ದು ನಾನು. ಕೆಂಪು ದೀಪ ದಾಟಿದ್ದೂ ನಾನೇ. ನಿಮ್ಮ ಮಗನಿಗೆ ದಂಡ ಬಿತ್ತು, ನಾನು ಸುಮ್ನಿದ್ದೆ" ಎಂದೆ.

ಆಣೆಯಿಲ್ಲದೆ, ಮೈಕಿಲ್ಲದೆ ನನ್ನ ಮಾತನ್ನು ನಂಬಿದವರು ಅವರೊಬ್ಬರೇ. ಒಳಗೆ ಹೋದರು. ಹುಡುಕಲಿಲ್ಲ, ನಾಲ್ಕು ಮಡಿಕೆ ಮಾಡಿದ ಚೀಟಿ ದಿಂಬಿನ ಪಕ್ಕದಲ್ಲೇ ಇತ್ತು. ಅದನ್ನು ನನ್ನ ಕೈಗಿಟ್ಟು ಹೇಳಿದರು: "ನಮ್ಮೋನು ದಿನಾ ಹೇಳ್ತಿದ್ದ. ಅಮ್ಮಾ, ಚೀಟಿ ಕಳೀಬೇಡ, ಮೇಷ್ಟ್ರು ಒಳ್ಳೆಯೋರು, ಇವತ್ತಲ್ಲ ನಾಳೆ ಬಂದು ಕೇಳ್ತಾರೆ ಅಂತ. ಬಾಗಿಲು 'ಟಕ್' ಅಂದ್ರೆ ನೀನೇ ಅಂತ ಏಳ್ತಿದ್ದೆ." ಕನ್ನಡಕ ತೆಗೆದು ಹೊಸ ಕಣ್ಣಿನಿಂದ ನನ್ನನ್ನು ನೋಡಿದರು. "ಇಪ್ಪತ್ತಮೂರು ದಿನ ಆಯ್ತಲ್ಲಪ್ಪಾ. ಯಾಕಿಷ್ಟು ತಡ?"

ಇಪ್ಪತ್ತೆರಡು ವರ್ಷದಲ್ಲಿ ಸಾವಿರಾರು ಪ್ರಯಾಣಿಕರು ನನಗೆ ಇದೇ ಪ್ರಶ್ನೆ ಕೇಳಿದ್ದಾರೆ. ಬಾಯಿಗೆ ಒಂದೇ ಉತ್ತರ ರೂಢಿ. ನಾಲಿಗೆ ನನ್ನನ್ನು ಕೇಳದೆ ಅದನ್ನೇ ಆಡಿತು.

"ಸಿಗ್ನಲ್ ಬಿದ್ದಿತ್ತಮ್ಮಾ."

ಅವರು ನಗಲಿಲ್ಲ.

"ಈಗ ಬಿಡ್ತು ತಾನೇ? ಹೋಗು. ಹೋಗಿ ಮೊದ್ಲು ಅವನ ಕೈಗೆ ಬಸ್ ಕೊಡ್ಸು" ಎಂದರು.